ನಾಲ್ಕನೆಯ ಹಾಡಾದ ಮೇಲೆ

ಫೆಬ್ರವರಿ ೧೨

ಎಕೋ ಮಹಾಪ್ರಭುಗಳಾದ ನನ್ನ ಏಕೈಕ ತಮ್ಮನಿಗೆ,

ಫೋನಿನಲ್ಲಿ ನಿನ್ನ ದನಿ ಕೇಳುವ ಮನಸ್ಸಿಲ್ಲ, ಅದಕ್ಕೇ ಕಾಗದ. ಇದನ್ನು ನಿಂತುಕೊಂಡು ಓದು. ಕೂತಿದ್ದರೆ ಎದ್ದು ನಿಲ್ಲು!

ಮೊನ್ನೆ ಭಾನುವಾರ. ತುಂಬಿದ ಸಭಾಂಗಣ, ಎರಡು ಸಾವಿರ ತಲೆ. ನಾಲ್ಕನೆಯ ಹಾಡು ಮುಗಿಯಿತು. ಚಪ್ಪಾಳೆ ಇಳಿಯಿತು. ನಾನು ಮೈಕಿಗೆ ಬಾಯಿ ಕೊಟ್ಟು, ಮೂರು ವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಎಳೆದು ಹೊರಗೆ ಹಾಕಿದೆ: "ನನ್ನ ಅಮ್ಮ ಈಗ ಇಲ್ಲ."

ಆಗ ನಿನ್ನ ಯಂತ್ರ ಏನು ಹೇಳಿತು? "ಇಲ್ಲ... ಇಲ್ಲ... ಇಲ್ಲ... ಲ್ಲ..." ಬಾವಿಗೆ ಬಿದ್ದ ಕೊಡ ಗೋಡೆಗೆ ತಾಕುತ್ತಾ ಇಳಿದ ಹಾಗೆ! ಹಾಡಿನ ಕೊನೆಯ ಪದಕ್ಕೆ ಹಾಕಿದ ಎಕೋ ಅದು. ಹಾಡು ಮುಗಿದ ಕ್ಷಣದಲ್ಲೇ ಗುಂಡಿ ಒತ್ತಿ ಬಾಯಿ ಮುಚ್ಚಿಸಬೇಕಾದದ್ದು. ಎರಡನೇ ಸಾಲಿನಲ್ಲಿ ಯಾರೋ ಕಿಸಕ್ಕೆಂದ. ಅವನ ಪಕ್ಕದವಳು ತಡೆದುಕೊಳ್ಳಲು ಹೋಗಿ ಕೆಮ್ಮಿದಳು. ಆಮೇಲೆ ಹಿಂದಿನ ಸಾಲು, ಅದರ ಹಿಂದಿನದು, ಬಾಲ್ಕನಿ. ನನ್ನ ಅಮ್ಮನ ಸಾವಿಗೆ ಎರಡು ಸಾವಿರ ಜನ ನಕ್ಕರು ಕಣೋ.

ನಿನ್ನ ಕೈ ಎಲ್ಲಿತ್ತು? ಜೇಬಿನಲ್ಲಿತ್ತೋ, ಫೋನಿನ ಮೇಲಿತ್ತೋ? ನಾಟಕ ಕಂಪನಿಯ ಪಕ್ಕದ ಪರದೆಯ ಮರೆಯಲ್ಲಿ ಅಮ್ಮ ಮೂವತ್ತು ವರ್ಷ ಪ್ರಾಂಪ್ಟರ್ ಆಗಿ ಕೂತಿದ್ದಳು. ಮಾತು ಮರೆತವರಿಗೆ ಮಾತು ಎತ್ತಿಕೊಟ್ಟಳು. ಒಂದು ದಿನ, ಒಂದೇ ಒಂದು ದಿನ ಅವಳ ದನಿ ಪ್ರೇಕ್ಷಕರಿಗೆ ಕೇಳಿಸಿತ್ತೇ? ಅವಳ ಹೊಟ್ಟೆಯಲ್ಲಿ ಹುಟ್ಟಿದವನು ನೀನು!

ಇಂದಿನಿಂದ ನನ್ನ ಕಾರ್ಯಕ್ರಮಕ್ಕೆ ನೀನು ಕೂರುವುದು ಬೇಡ. ಸೌಂಡ್ ಮಿಕ್ಸರ್ ಪೆಟ್ಟಿಗೆಯ ಬೀಗದ ಕೈ ಕಳಿಸು. ಹೊಸಬನಿಗೆ ಬೇಕಾದ ಸೂಚನೆಗಳನ್ನು ಬರೆದು ಕಳಿಸು. ನನ್ನ ಎದುರು ಬರಬೇಡ.

ಹದಿನಾಲ್ಕು ವರ್ಷ ನಿನ್ನನ್ನು ನಂಬಿ ಕಣ್ಣುಮುಚ್ಚಿ ಹಾಡಿದ ನಿನ್ನ ಅಕ್ಕ,
ನಗಾರಿ

*

ಫೆಬ್ರವರಿ ೨೦

ಅಕ್ಕಾ,

ನಿಂತುಕೊಂಡೇ ಓದಿದೆ. ಎರಡು ಸಲ.

ತಪ್ಪು ನನ್ನದೇ. ಕೈ ಗುಂಡಿಯ ಮೇಲಿರಲಿಲ್ಲ. ಅದಕ್ಕಿಂತ ಹೆಚ್ಚು ಏನು ಹೇಳಿದರೂ ನೆಪವಾಗುತ್ತದೆ.

ಬೀಗದ ಕೈ ಈ ಲಕೋಟೆಯಲ್ಲೇ ಇದೆ. ಹೊಸಬರಿಗೆ ಹೇಳು: ನೀನು ತುಟಿ ಮೈಕಿಗೆ ತಾಗಿಸಿ ಶುರು ಮಾಡುತ್ತೀಯ, ಸಾಲಿನ ಕೊನೆಗೆ ಅಪ್ಪನ ಹಾಗೆ ತಲೆ ಹಿಂದಕ್ಕೆ ಎಸೆಯುತ್ತೀಯ, ಆಗ ದನಿ ಏರಿಸಲು ಅವರ ಬೆರಳು ನಿನ್ನ ಹಿಂದೆ ಓಡಬೇಕು. ಕಲ್ಲಿನ ಗೋಡೆಯ ಹಾಲ್‌ನಲ್ಲಿ ಎಕೋ ಚಿಟಿಕೆಯಷ್ಟು ಸಾಕು, ಉಳಿದದ್ದನ್ನು ಗೋಡೆಯೇ ಕೊಡುತ್ತದೆ. ಬಯಲಿನಲ್ಲಾದರೆ ಧಾರಾಳವಾಗಿ ಹಾಕಲಿ. ಮಾತಾಡುವಾಗ ಯಾವ ಎಫೆಕ್ಟೂ ಬೇಡ. ಹಾಡು ಮುಗಿಯುವ ಮೊದಲೇ ಬೆರಳು ಗುಂಡಿಯ ಮೇಲಿರಲಿ. (ಇದನ್ನು ನಾನು ಬರೆಯುತ್ತಿದ್ದೇನೆ, ನಗು ಬಂದರೆ ನಗು.)

ಇಲ್ಲಿ ಇನ್ನೊಂದು ಸೂಚನೆ ಬರೆದು ಹೊಡೆದುಹಾಕಿದ್ದೇನೆ. ದೀಪಕ್ಕೆ ಹಿಡಿದು ಓದಲು ಹೋಗಬೇಡ. ಏನೂ ಇಲ್ಲ ಅದರಲ್ಲಿ.

ಬಿಸಿನೀರು ಕುಡಿ.

ಬೆಕ್ಕು

*

ಏಪ್ರಿಲ್ ೬

ಬೆಕ್ಕೇ,

ಮಾತಾಡಬಾರದು ಎಂದುಕೊಂಡಿದ್ದೆ. ಇದು ಮಾತಲ್ಲ, ವಿಚಾರಣೆ. ಕಟಕಟೆಗೆ ಬಾ!

ಹೊಸಬನೊಬ್ಬ ಬಂದಿದ್ದಾನೆ. ಬೋಳುತಲೆ, ಸಭ್ಯ, ನನಗಿಂತ ಹತ್ತು ವರ್ಷ ದೊಡ್ಡವನು. ನಿನ್ನ ಸೂಚನೆಗಳನ್ನು ಅಕ್ಷರ ಅಕ್ಷರ ಪಾಲಿಸುತ್ತಾನೆ. ಗುಂಡಿಯ ಮೇಲೆ ಬೆರಳನ್ನು ಅಂಟು ಹಾಕಿ ಅಂಟಿಸಿಕೊಂಡವನ ಹಾಗೆ ಕೂರುತ್ತಾನೆ. ಎಲ್ಲ ಸರಿ. ಆದರೆ ಅವನು ಬಂದ ಮೇಲಿನ ಮೂರೂ ಕಾರ್ಯಕ್ರಮಗಳಲ್ಲಿ ನನ್ನ ಮೇಲಿನ ಸ್ವರ ಜಾರಿತು. ಐದನೆಯ ಹಾಡಿನ ಆ ಏರು ಗೊತ್ತಲ್ಲ, ಜನ ಎದ್ದು ನಿಲ್ಲುವ ಜಾಗ. ಅಲ್ಲಿ ನನ್ನ ದನಿ ಮೆಟ್ಟಿಲು ತಪ್ಪಿದ ಮುದುಕಿಯ ಹಾಗೆ ಒಂದು ಕ್ಷಣ ಗಾಳಿಯಲ್ಲಿ ಕಾಲಾಡಿಸಿ ಕೆಳಗೆ ಕೂತಿತು. ಜನ ಎದ್ದು ನಿಲ್ಲಲಿಲ್ಲ. ಕೆಲವರು ಎದ್ದರು, ಮನೆಗೆ ಹೋಗಲು.

ಬೋಳುತಲೆಯನ್ನು ಹಿಡಿದುಕೊಂಡೆ.

"ಏನಯ್ಯಾ ಮಾಡಿದೆ ನನ್ನ ದನಿಗೆ?"

"ನಾನು ಏನೂ ಮಾಡಿಲ್ಲ ಮೇಡಂ."

"ಅದೇ ಕಣಯ್ಯಾ ನನ್ನ ದೂರು! ಏನಾದರೂ ಮಾಡು!"

ಪಾಪ, ಅವನು ತನ್ನ ತಲೆ ಸವರಿಕೊಂಡು, "ನಿಮ್ಮ ತಮ್ಮನವರು ಏನು ಮಾಡುತ್ತಿದ್ದರು, ಅದನ್ನೇ ಹೇಳಿ, ಮಾಡುತ್ತೇನೆ" ಎಂದ. ಹದಿನಾಲ್ಕು ವರ್ಷ ನೀನು ಅಲ್ಲಿ ಕೂತು ಏನು ಮಾಡುತ್ತಿದ್ದೆ ಅಂತ ನನಗೆ ಗೊತ್ತೇ ಇಲ್ಲ ಕಣೋ.

ಡಾಕ್ಟರ ಹತ್ತಿರ ಹೋದೆ. ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿದರು. "ರೋಗ ಏನೂ ಇಲ್ಲ, ನಿಮಗೆ ಐವತ್ತೆರಡು" ಎಂದರು. ವಯಸ್ಸು ಕೇಳಲು ನಾನು ಅಷ್ಟು ದೂರ ಹೋಗಿದ್ದೆನೇ?

ನೀನು ಹೊಡೆದುಹಾಕಿದ ಸಾಲನ್ನು ದೀಪಕ್ಕೂ ಹಿಡಿದೆ, ಕಿಟಕಿಗೂ ಹಿಡಿದೆ. ಶಾಯಿ ಗಟ್ಟಿಯಾಗಿ ಬಳಿದಿದ್ದೀಯ. ಏನಿತ್ತು ಅಲ್ಲಿ? ನಿಜ ಹೇಳು.

ನಗಾರಿ

*

ಏಪ್ರಿಲ್ ೧೯

ಅಕ್ಕಾ,

ಹತ್ತು ದಿನದಿಂದ ನಿನ್ನ ಕಾಗದ ಜೇಬಿನಲ್ಲಿದೆ. ಈಗ ಒಂದು ಗದ್ದಲದ ಬ್ಯಾಂಡಿನ ಜೊತೆ ಊರೂರು ಸುತ್ತುತ್ತಿದ್ದೇನೆ. ನಾಲ್ಕು ಜನ, ಒಬ್ಬರ ಮಾತು ಒಬ್ಬರಿಗೆ ಕೇಳಿಸದು, ಅದಕ್ಕೇ ಅವರ ಒಗ್ಗಟ್ಟು ಮುರಿದಿಲ್ಲ. ಬೆಳಿಗ್ಗೆ ಒಂದು ಊರು, ಸಂಜೆಗೆ ಇನ್ನೊಂದು. ಲಾರಿಯ ಹಿಂದೆ ಕೇಬಲ್ ಸುರುಳಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಕುಣಿದರೆ ರಸ್ತೆಯನ್ನು ಬೈ.

ಹೊಡೆದುಹಾಕಿದ ಸಾಲು ಇದು: "ಮೇಲಿನ ಸ್ವರಕ್ಕೆ ಶ್ರುತಿ ತಿದ್ದುವ ಎಫೆಕ್ಟ್ ಹಾಕಬೇಕು. ಅಕ್ಕನಿಗೆ ತಿಳಿಯಬಾರದು."

ಮಿಕ್ಸರ್‌ನಲ್ಲಿ ಅಂಥದ್ದೊಂದು ಇದೆ. ದನಿ ಸ್ವರಕ್ಕಿಂತ ಕೂದಲೆಳೆಯಷ್ಟು ಕೆಳಗೆ ಬಿದ್ದರೆ ಅದು ಹಿಡಿದು ಮೇಲಕ್ಕೆ ಕೂರಿಸುತ್ತದೆ. ಜಾಸ್ತಿ ಹಾಕಿದರೆ ಮನುಷ್ಯ ಬೊಂಬೆಯ ಹಾಗೆ ಹಾಡುತ್ತಾನೆ. ಹದವಾಗಿ ಹಾಕಿದರೆ ದೇವರಿಗೂ ಗೊತ್ತಾಗುವುದಿಲ್ಲ. ಎರಡು ವರ್ಷದಿಂದ ನಿನಗೆ ಹದವಾಗಿ ಹಾಕುತ್ತಾ ಬಂದೆ. ಹಾಲ್‌ಗೆ ಅಷ್ಟೇ ಅಲ್ಲ, ನಿನ್ನ ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನಿಗೂ ಅದನ್ನೇ ಕಳಿಸಿದೆ. ಮನೆಯ ಅಭ್ಯಾಸದಲ್ಲಿ "ಉಳಿಸಿಕೊಳ್ಳುತ್ತೇನೆ" ಎಂದು ನೀನು ಮೇಲಿನ ಸ್ವರ ಮುಟ್ಟುವುದೇ ಇಲ್ಲ. ಹಾಗಾಗಿ ನಿನ್ನ ನಿಜವಾದ ದನಿ ಎರಡು ವರ್ಷ ನನಗೆ ಮಾತ್ರ ಗೊತ್ತಿತ್ತು.

ಮೊದಲ ದಿನ ಹಾಕಿದಾಗ, ಮೆಟ್ಟಿಲಿಳಿಯುವವರ ಮೊಣಕೈಗೆ ಆಸರೆ ಕೊಟ್ಟ ಹಾಗೆ ಅಂದುಕೊಂಡೆ. ಆಮೇಲೆ ದಿನ ದಿನಕ್ಕೂ ಒಂದಿಷ್ಟು ಜಾಸ್ತಿ ಬೇಕಾಯಿತು. ಹೇಳಬೇಕು ಹೇಳಬೇಕು ಅಂದುಕೊಳ್ಳುತ್ತಿದ್ದೆ. ನೀನು ವೇದಿಕೆಯಿಂದ ಇಳಿದು ಬಂದು, "ನೋಡಿದೆಯಾ, ಇನ್ನೂ ಸಿಂಹ ಕಣೋ ನಾನು!" ಎಂದು ನನ್ನ ಬೆನ್ನಿಗೆ ಗುದ್ದುತ್ತಿದ್ದೆ. ಗುದ್ದಿಸಿಕೊಂಡು ಕೇಬಲ್ ಸುತ್ತಲು ಹೋಗುತ್ತಿದ್ದೆ.

ಅಮ್ಮನಿಗೆ ಗೊತ್ತಿತ್ತು. ಹೋದ ವರ್ಷ ಒಂದು ಕಾರ್ಯಕ್ರಮಕ್ಕೆ ಬಂದವಳು ನನ್ನ ಪಕ್ಕ ಕೂತಿದ್ದಳಲ್ಲ. ಐದನೆಯ ಹಾಡಿನಲ್ಲಿ ನನ್ನ ಬೆರಳನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಕೇಳಿದಳು: "ಅವಳಿಗೆ ಎಷ್ಟು ದಿನದಿಂದ ಎತ್ತಿಕೊಡುತ್ತಿದ್ದೀಯೋ?" ಪ್ರಾಂಪ್ಟರ್‌ನ ಕಣ್ಣಿಗೆ ಪ್ರಾಂಪ್ಟರ್ ಸಿಕ್ಕಿಬಿದ್ದ.

ಆಗ ಅವಳು ಹೇಳಿದ್ದು ನಿನಗೆ ಗೊತ್ತಿಲ್ಲ. ಅಪ್ಪ ಕಂಪನಿಯಲ್ಲಿ ರಾಜನ ಪಾತ್ರ ಮಾಡಿದ ಕೊನೆಯ ಆರು ವರ್ಷ, ಸಿಂಹಾಸನದ ಮೇಲೆ ಕೂತು ಗರ್ಜಿಸುತ್ತಿದ್ದನಲ್ಲ, ಪ್ರತಿ ಸಾಲಿನ ಮೊದಲ ಪದ ಅಮ್ಮನದು. ಅಪ್ಪನಿಗೆ ತಾನೇ ನೆನಪಿಟ್ಟುಕೊಂಡಿದ್ದೇನೆ ಎಂಬ ನಂಬಿಕೆ. ಒಂದು ದಿನ ಅಮ್ಮನಿಗೆ ಜ್ವರ ಬಂತು. ರಾಜ ಎದ್ದು ನಿಂತ, ಕತ್ತಿ ಎಳೆದ, ಬಾಯಿ ತೆರೆದ. ಮಾತಿಲ್ಲ. ಪರದೆ ಬೀಳಿಸಿದರು. ಮಾರನೆಯ ದಿನದಿಂದ ಅಪ್ಪ ವೇದಿಕೆ ಹತ್ತಲಿಲ್ಲ. ನಮಗೆಲ್ಲ ಮಂಡಿನೋವು ಅಂತ ಹೇಳಿದ್ದರು. "ಅವನಿಗೆ ಮೊದಲೇ ಹೇಳಿದ್ದರೆ ಸಣ್ಣ ಪಾತ್ರವಾದರೂ ಮಾಡಿಕೊಂಡಿರುತ್ತಿದ್ದ" ಎಂದಳು ಅಮ್ಮ. "ನೀನು ಹೇಳಿಬಿಡು ಬೆಕ್ಕೇ."

ಮುಂದಿನ ಕಾರ್ಯಕ್ರಮ ಆಗಲಿ, ಹೇಳುತ್ತೇನೆ ಎಂದೆ. ಮುಂದಿನದು ಆಯಿತು. ಅದರ ಮುಂದಿನದೂ ಆಯಿತು. ಅಮ್ಮ ಹೋದಳು.

ಬೈಯಬೇಕಾದ್ದು ಬೈ. ಆದರೆ ಬರಿ.

ಬೆಕ್ಕು

*

ಏಪ್ರಿಲ್ ೩೦

ಎರಡು ವರ್ಷದ ನನ್ನ ದನಿ ನಿನ್ನ ಹತ್ತಿರ ಇರಬೇಕು. ಅಸಲಿ. ಯಾವ ಬಣ್ಣವೂ ಬಳಿಯದ್ದು. ಕಳಿಸು.

(ಹೆಸರು ಹಾಕುವಷ್ಟು ಪ್ರೀತಿ ಈಗ ಇಲ್ಲ.)

*

ಮೇ ೫

ಅಕ್ಕಾ,

ಡಿಸ್ಕ್ ಕಳಿಸಿದ್ದೇನೆ. ಮೂವತ್ತೊಂದು ಕಾರ್ಯಕ್ರಮ. ಪ್ರತಿ ಕಾರ್ಯಕ್ರಮದಲ್ಲೂ ಒಂದೊಂದು ಮೈಕಿನ ದನಿಗೆ ಒಂದೊಂದು ಪ್ರತ್ಯೇಕ ಸಾಲು, ಎಫೆಕ್ಟ್ ಹತ್ತುವ ಮೊದಲೇ ಹಿಡಿದದ್ದು. ಮೊದಲನೆಯ ಸಾಲು ನೀನು. ಅದರ ಕೆಳಗೆ ಡ್ರಮ್, ಕೀಬೋರ್ಡ್, ಗಿಟಾರ್, ಕೊಳಲು. ಕೊನೆಯ ಕೆಲವು ಸಾಲು ಹಾಲ್‌ನ ಗದ್ದಲ, ಕೇಳಬೇಕಾಗಿಲ್ಲ. ಉಪಯೋಗಿಸುವುದು ಹೇಗೆ ಅಂತ ಬೋಳುತಲೆಯವರು ತೋರಿಸಿಕೊಡುತ್ತಾರೆ.

ಒಬ್ಬಳೇ ಕೂತು ಕೇಳಬೇಡ.

ಬೆಕ್ಕು

*

ಜೂನ್ ೧೮

ಅಕ್ಕಾ,

ಆರು ವಾರ ಆಯಿತು. ಡಿಸ್ಕ್ ಬಂತೋ ಇಲ್ಲವೋ ಅಷ್ಟಾದರೂ ಬರಿ. ಬೋಳುತಲೆಯವರು ಫೋನ್ ಮಾಡಿದ್ದರು. ನೀನು ಎರಡು ಕಾರ್ಯಕ್ರಮ ರದ್ದು ಮಾಡಿದ್ದೀಯಂತೆ. "ಬಾಗಿಲು ತೆಗೆಯುತ್ತಾರೆ, ನಮಸ್ಕಾರ ಅನ್ನುತ್ತಾರೆ, ಬಾಗಿಲು ಹಾಕುತ್ತಾರೆ" ಎಂದರು. ನೀನು ಮೂರೇ ಮೂರು ಕೆಲಸ ಮಾಡಿ ಸುಮ್ಮನಿರುವ ಹೆಂಗಸೇ?

ನನಗೆ ಒಂದೆಡೆ ಕೂರಲು ಆಗುತ್ತಿಲ್ಲ. ಹೋಟೆಲಿನಲ್ಲಿ ಟೀ ಬಂದರೆ ಅರ್ಧ ಕುಡಿದು ಎದ್ದುಬಿಡುತ್ತೇನೆ. ಎದುರಿನವರು ಮಾತು ಮುಗಿಸುವ ಹೊತ್ತಿಗೆ ನನ್ನ ಬಲಗೈ ಹೆಬ್ಬೆರಳು ಮೇಜನ್ನು ಒತ್ತುತ್ತದೆ, ಅಲ್ಲಿ ಗುಂಡಿ ಇದೆಯೇನೋ ಎಂಬಂತೆ. ಬ್ಯಾಂಡಿನ ಡ್ರಮ್ಮರ್ ಇದನ್ನು ನೋಡಿ, "ಅಣ್ಣಾ, ನನ್ನನ್ನು ಮ್ಯೂಟ್ ಮಾಡ್ತಿದ್ದೀರಾ?" ಎಂದು ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬೇರೆ ಏನು ಮಾಡಲಿ.

ನೀನು ಹಾಡುವುದನ್ನು ನಿಲ್ಲಿಸಿಬಿಟ್ಟರೆ ಅದಕ್ಕೆ ನಾನೇ ಕಾರಣ. ಹೇಳದೆ ಇದ್ದದ್ದೂ ನಾನೇ, ಹೇಳಿದ್ದೂ ನಾನೇ. ಅಪ್ಪನ ಹಾಗೆ ನೀನೂ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದೀಯಾ? ಒಂದು ಸಾಲು ಬರಿ. ಬೈಗುಳವಾದರೂ ಪರವಾಗಿಲ್ಲ.

ಬೆಕ್ಕು

*

ಜುಲೈ ೨

ತಮ್ಮಾ,

ಪರದೆ ಎತ್ತುತ್ತಿದ್ದೇನೆ. ಗಟ್ಟಿಯಾಗಿ ಕೂತುಕೋ.

ಒಬ್ಬಳೇ ಕೇಳಿದೆ. ಬೇಡ ಅಂದದ್ದನ್ನು ನಾನು ಯಾವತ್ತು ಬಿಟ್ಟಿದ್ದೇನೆ? ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಕಿವಿಗೆ ನಿನ್ನ ಹಳೇ ಹೆಡ್‌ಫೋನ್. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಮೊದಲನೆಯ ವಾರ ಆ ದನಿಯನ್ನು ಬೈದೆ. ಎರಡನೆಯ ವಾರ ನಿನ್ನನ್ನು ಬೈದೆ. ಮೂರನೆಯ ವಾರಕ್ಕೆ ಬೈಗುಳ ಖಾಲಿಯಾಗಿ ಸುಮ್ಮನೆ ಕೇಳಿದೆ. ಮೇಲಿನ ಸ್ವರ ಹೋಗಿದೆ ಕಣೋ, ನಿಜ. ಸಣ್ಣಗೆ, ನಾಚಿಕೊಂಡು ಹೋಗಿದೆ, ಹೇಳದೆ ಮನೆ ಖಾಲಿ ಮಾಡಿದ ಬಾಡಿಗೆಯವರ ಹಾಗೆ. ಆದರೆ ಕೆಳಗಿನ ಸ್ವರಗಳಿಗೆ ಒಂದು ತೂಕ ಬಂದಿದೆ. ನನಗೆ ಗೊತ್ತೇ ಇರಲಿಲ್ಲ. ಮೇಲಕ್ಕೆ ಹಾರುವ ಗಡಿಬಿಡಿಯಲ್ಲಿ ಅಲ್ಲಿ ನಿಂತು ನೋಡಿಯೇ ಇರಲಿಲ್ಲ.

ಹೀಗೆ ಕೇಳುತ್ತಾ ಕೇಳುತ್ತಾ ಕೊನೆಯ ಕಾರ್ಯಕ್ರಮಕ್ಕೆ ಬಂದೆ. ಫೆಬ್ರವರಿ ಒಂಬತ್ತು.

ಆ ನಗುವನ್ನು ಇನ್ನೊಂದು ಸಲ ಕೇಳಬೇಕು ಅನ್ನಿಸಿತು. ಹುಣ್ಣು ಕೆರೆದುಕೊಳ್ಳುವ ಚಟ. ಹಾಲ್‌ನ ಸಾಲು ಯಾವುದೆಂದು ತಿಳಿಯದೆ ಎಲ್ಲವನ್ನೂ ಒಂದೊಂದಾಗಿ ತೆರೆಯುತ್ತಾ ಹೋದೆ. ಕಟ್ಟಕಡೆಯದು ತೆರೆದೆ. ಅದು ಹಾಲ್ ಅಲ್ಲ. ಕುರ್ಚಿ ಕಿರುಗುಟ್ಟುವ ಸದ್ದು. ಮೂಗು ಎಳೆದ ಸದ್ದು. ನಿನ್ನ ಮೇಜಿನ ಮೇಲಿನ ಪುಟ್ಟ ಮೈಕು ಅದು, ವೇದಿಕೆಯವರ ಜೊತೆ ಮಾತಾಡಲು ಇಟ್ಟುಕೊಂಡದ್ದು. ನೀನು ಅದನ್ನೂ ರೆಕಾರ್ಡ್ ಮಾಡುತ್ತಿದ್ದೆ ಅಂತ ನಿನಗೇ ಮರೆತುಹೋಗಿತ್ತೋ ಏನೋ.

ದೂರದಲ್ಲಿ ನನ್ನ ದನಿ: "ನನ್ನ ಅಮ್ಮ ಈಗ ಇಲ್ಲ."

ಹತ್ತಿರದಲ್ಲಿ ನಿನ್ನದು: "ಅಮ್ಮಾ."

ಒಂದೇ ಪದ. ಆಮೇಲೆ ಏನೋ ಕೆಳಗೆ ಬಿತ್ತು, ಹೆಡ್‌ಫೋನ್ ಇರಬೇಕು. ಆಮೇಲೆ ನೀನು ಅಳುವ ಸದ್ದು. ಆರು ವರ್ಷದವನಿದ್ದಾಗ ವೇಷದ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡು ಅತ್ತಿದ್ದೆಯಲ್ಲ, ಅದೇ ಸದ್ದು. ಅಂಗೈಗಳ ಒಳಗಿಂದ ಬಂದದ್ದು. ಕೈ ಎಲ್ಲಿತ್ತು ಅಂತ ಕೇಳಿದ್ದೆನಲ್ಲ. ಮುಖದ ಮೇಲಿತ್ತು.

ಇಷ್ಟರ ನಡುವೆಯೇ ದೂರದಿಂದ "ಇಲ್ಲ, ಇಲ್ಲ, ಇಲ್ಲ". ಜನರ ನಗು. "ಅಯ್ಯೋ, ಅಯ್ಯೋ, ಎಲ್ಲಿ, ಎಲ್ಲಿ" ಅಂತ ನೀನು ಗುಂಡಿ ಹುಡುಕಿದ್ದು.

ಅಮ್ಮ ಹೋದ ದಿನ ನೀನು ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದೆ, ಚಪ್ಪಲಿ ಸಾಲಾಗಿ ಜೋಡಿಸಿದೆ. ಕಲ್ಲುಮನಸ್ಸಿನವನು ಅಂತ ನಾನು ಅತ್ತೆಯ ಹತ್ತಿರ ಹೇಳಿದ್ದೆ, ಅದೂ ನಿನಗೆ ಗೊತ್ತಿರಲಿ. ಆ ಭಾನುವಾರ ಮಾತಾಡುತ್ತೇನೆ ಅಂತ ನಾನು ನಿನಗೆ ಹೇಳಿರಲಿಲ್ಲ. ಹಾಡಿನ ಪಟ್ಟಿಯಲ್ಲಿ ಬರೆದಿರಲಿಲ್ಲ. ಪುಸ್ತಕದಲ್ಲಿಲ್ಲದ ಮಾತು ಆಡಿ ಪ್ರಾಂಪ್ಟರ್‌ನನ್ನು ಬೈದೆ. ಅಪ್ಪ ಇದ್ದಿದ್ದರೆ ಕಿರೀಟ ತೆಗೆದು ನನ್ನ ತಲೆಗೆ ಎಸೆಯುತ್ತಿದ್ದ.

ಹದಿನೈದು ದಿನದಿಂದ ಈ ಕಾಗದವನ್ನು ಬರೆದು ಬರೆದು ಹರಿದುಹಾಕುತ್ತಿದ್ದೇನೆ. ಕ್ಷಮೆ ಕೇಳುವ ಡೈಲಾಗ್ ನನಗೆ ಯಾವತ್ತೂ ಬಾಯಿಪಾಠ ಆಗಿಲ್ಲ. ಎತ್ತಿಕೊಡುವವಳು ಈಗಿಲ್ಲ.

ಆಗಸ್ಟ್ ೨೩, ಶನಿವಾರ, ಅದೇ ಸಭಾಂಗಣ. ಎಲ್ಲ ಹಾಡುಗಳ ಶ್ರುತಿ ಇಳಿಸಿದ್ದೇನೆ. ಐದನೆಯದನ್ನು ಮಾತ್ರ ಹಾರ್ಮೋನಿಯಂನ ಅರ್ಧ ಮನೆಯಷ್ಟೇ ಇಳಿಸಿದ್ದೇನೆ. ಅಲ್ಲಿ ಬಿದ್ದರೂ ಬೀಳಬಹುದು. ಬಿದ್ದರೆ ಜನರ ಎದುರೇ ಬೀಳುತ್ತೇನೆ, ನೀನು ಹಿಡಿಯಬೇಡ. ಎಕೋ ಇರಲಿ. ಅದು ಮುಖದ ಬಣ್ಣ, ನನಗೂ ಗೊತ್ತು, ಜನಕ್ಕೂ ಗೊತ್ತು. ಶ್ರುತಿ ತಿದ್ದುವುದು ಬೇಡ.

ಬೋಳುತಲೆಯವರಿಗೆ ಹೇಳಿದೆ. ಅವರು ನಿಟ್ಟುಸಿರು ಬಿಟ್ಟು, "ದೇವರು ದೊಡ್ಡವನು ಮೇಡಂ" ಎಂದರು. ಅಷ್ಟು ಸಂತೋಷ ಪಡಬೇಕಾಗಿರಲಿಲ್ಲ.

ಪಟ್ಟಿ ಜೊತೆಗಿಟ್ಟಿದ್ದೇನೆ. ನಾಲ್ಕನೆಯ ಹಾಡಿನ ಕೆಳಗೆ ಏನು ಬರೆದಿದೆ ನೋಡು. ಬರುತ್ತೀಯೋ ಇಲ್ಲವೋ, ಬರಿ.

ನಗಾರಿ

(ಪಟ್ಟಿಯಿಂದ)
೪. ಅಮ್ಮನಿಗೆ ಇಷ್ಟವಾದ ಹಾಡು.
    ಆಮೇಲೆ ಅಕ್ಕ ಮಾತಾಡುತ್ತಾಳೆ. ಒಂದೇ ಸಾಲು.
    ಮೊದಲು ಗುಂಡಿ. ಆಮೇಲೆ ಅಳು.

*

ಜುಲೈ ೯

ಅಕ್ಕಾ,

ಬರುತ್ತೇನೆ.

ಬೆಕ್ಕು

*

ಆಗಸ್ಟ್ ೨೫

ಅಕ್ಕಾ,

ನೀನು ಏಳುವ ಮೊದಲೇ ಹೊರಟುಬಂದೆ. ಬ್ಯಾಂಡಿನವರಿಗೆ ಇನ್ನೊಂದು ವಾರ ಮಾತು ಕೊಟ್ಟಿದ್ದೇನೆ. ಮತ್ತೆ ಲಾರಿ, ಮತ್ತೆ ಕೇಬಲ್ ಸುರುಳಿ. ವೇದಿಕೆಯ ಮೇಲಿಂದ ನಿನಗೆ ಮುಂದಿನ ಸಾಲು, ನನ್ನ ಮೇಜಿನ ದೀಪ ಬಿಟ್ಟರೆ ಉಳಿದದ್ದೆಲ್ಲ ಕತ್ತಲೆ, ಅದಕ್ಕೇ ನನ್ನ ಮೇಜಿನಿಂದ ಕಂಡದ್ದನ್ನು ಹೇಳುತ್ತೇನೆ.

ಶ್ರುತಿ ತಿದ್ದುವ ಎಫೆಕ್ಟ್ ಅನ್ನು ಮಧ್ಯಾಹ್ನವೇ ಮಿಕ್ಸರ್‌ನಿಂದ ಕಿತ್ತುಹಾಕಿದ್ದೆ. ಇದ್ದರೆ ನನ್ನ ಕೈ ಕೇಳುತ್ತಿರಲಿಲ್ಲ.

ನಾಲ್ಕನೆಯ ಹಾಡು ಮುಗಿಯುವ ಮೊದಲೇ ಬೆರಳು ಗುಂಡಿಯ ಮೇಲಿತ್ತು. ನೀನು ತಲೆ ಹಿಂದಕ್ಕೆ ಎಸೆದೆ. ಕೊನೆಯ ಪದ ಮೂರು ಸಲ ಸುತ್ತಿ ಬಂತು. ಒತ್ತಿದೆ. ನೀನು ಉಸಿರು ತೆಗೆದುಕೊಂಡೆ. "ನನ್ನ ಅಮ್ಮ ಈಗ ಇಲ್ಲ." ಮಾತು ಒಂದೇ ಸಲ ಹೋಯಿತು. ಹೋದದ್ದು ಹಿಂದಿರುಗಲಿಲ್ಲ. ಎರಡು ಸಾವಿರ ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಆಮೇಲೆ ಅಳು ಎಂದು ನೀನು ಬರೆದಿದ್ದೆ. ಬರಲಿಲ್ಲ ಕಣಕ್ಕ. ಕಾದೆ. ನಿನ್ನನ್ನೇ ನೋಡುತ್ತಾ ಕೂತೆ.

ಐದನೆಯದು ಶುರುವಾಯಿತು. ಆ ಏರು ಬಂತು. ನೀನು ಹತ್ತಿದೆ, ಹತ್ತಿದೆ, ಕೊನೆಯ ಮೆಟ್ಟಿಲಿನಲ್ಲಿ ದನಿ ಒಡೆಯಿತು. ಜನ ಉಸಿರು ಹಿಡಿದದ್ದು ನನಗೆ ಕೇಳಿಸಿತು. ನಿನ್ನ ಕಣ್ಣು ನನ್ನ ಕಡೆಗೆ ಬಂತು. ನಾನು ಎರಡೂ ಕೈ ಮೇಜಿನ ದೀಪದ ಬೆಳಕಿಗೆ ಎತ್ತಿ ತೋರಿಸಿದೆ, ಖಾಲಿ. ಆಗ ನೀನು ನಕ್ಕುಬಿಟ್ಟೆ. ಮೈಕಿನಲ್ಲೇ, "ಇನ್ನೊಂದು ಸಲ ನೋಡೋಣ" ಎಂದು ಅದೇ ಸಾಲನ್ನು ಕೆಳಗಿನಿಂದ ಎತ್ತಿಕೊಂಡು ಹಾಡಿದೆ. ಜನ ಎದ್ದು ನಿಂತರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಹೊತ್ತಿಗೆ ನನಗೆ ಏನೂ ಕಾಣಿಸುತ್ತಿರಲಿಲ್ಲ. ಅಳು ಅಲ್ಲಿ ಬಂತು.

ಕಣ್ಣೊರೆಸಿಕೊಂಡು ಕೆಳಗೆ ನೋಡುತ್ತೇನೆ, ಗುಂಡಿಯ ಕೆಂಪು ದೀಪ ಉರಿಯುತ್ತಿದೆ. ನಾಲ್ಕನೆಯ ಹಾಡಾದ ಮೇಲೆ ಒತ್ತಿ ಎಕೋ ನಿಲ್ಲಿಸಿದವನು ಅದನ್ನು ಮತ್ತೆ ಹಾಕುವುದನ್ನೇ ಮರೆತಿದ್ದೆ. ಐದನೆಯ ಹಾಡು ಪೂರ್ತಿ, ಮೊದಲಿನಿಂದ ಕೊನೆಯವರೆಗೆ, ಒಂದು ಹನಿ ಎಕೋ ಇರಲಿಲ್ಲ. ಬಣ್ಣವೂ ಇಲ್ಲ, ಆಸರೆಯೂ ಇಲ್ಲ. ಅಷ್ಟು ದೊಡ್ಡ ಹಾಲ್‌ನಲ್ಲಿ ನಿನ್ನ ಗಂಟಲು ಒಂದೇ ನಿಂತಿತ್ತು. ನಿನಗೆ ಗೊತ್ತಾಗಲಿಲ್ಲ, ಜನಕ್ಕೂ ಗೊತ್ತಾಗಲಿಲ್ಲ.

ಆದರೂ ತಪ್ಪು ತಪ್ಪೇ. ಮರೆಮಾಚಿ ಇಟ್ಟುಕೊಳ್ಳುವುದು ಬೇಡ ಅಂತ ಈ ಸಲ ಎರಡೇ ದಿನದಲ್ಲಿ ಬರೆಯುತ್ತಿದ್ದೇನೆ. ಕೆಲಸದಿಂದ ತೆಗೆಯುವುದಾದರೆ ಬೇಗ ಬರಿ. ಇಲ್ಲದಿದ್ದರೆ ಮುಂದಿನ ವಾರ ಬ್ಯಾಂಡಿನವರ ಲಾರಿ ಇಳಿದು ಸೀದಾ ಬರುತ್ತೇನೆ.

ನಿನ್ನ
ಬೆಕ್ಕು